ಎರಡು ವಸ್ತುಗಳ ಗಡಿಯಲ್ಲಿ ಕಾಂತತ್ವ: ಸಾಕ್ಷ್ಯಗಳ ವಿಮರ್ಶೆ

ಒಡಲಿನಲ್ಲಿ ಅವಾಹಕವಾಗಿದ್ದು, ಮೇಲ್ಮೈಯಲ್ಲಿ ಮಾತ್ರ ವಿದ್ಯುತ್ತನ್ನು ಹರಿಯಗೊಡುವ ಘನವಸ್ತುಗಳ ಒಂದು ವರ್ಗವು ಈ ಶತಮಾನದಲ್ಲಿ ಬೆಳಕಿಗೆ ಬಂದಿದೆ. ಇವನ್ನು ಟೊಪೊಲಾಜಿಕಲ್ ಅವಾಹಕಗಳೆನ್ನುವರು. ಬಿಸ್ಮತ್ ಸೆಲೆನೈಡ್ ಇವುಗಳಲ್ಲಿ ಪ್ರಸಿದ್ಧವಾದುದು. ಇಂತಹ ವಸ್ತುವು ಕಾಂತೀಯ ವಸ್ತುವನ್ನು ಮುಟ್ಟುವೆಡೆಯಲ್ಲಿ ಏನು ನಡೆಯುವುದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ವಿವಾದವುಂಟು. ಭೌತವಿಜ್ಞಾನವು ನಮ್ಮ ಕ್ಷೇತ್ರವಲ್ಲ. ಆದರೆ ಪರಸ್ಪರ ಹೊಂದದ ಸಾಕ್ಷ್ಯಗಳನ್ನು ತೂಗಿ ನೋಡುವುದು ಇತಿಹಾಸದ ಅಭ್ಯಾಸಿಗಳಿಗೆ ನಿತ್ಯದ ಕೆಲಸವಾದುದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಈ ಮೇಲ್ಮೈಯಲ್ಲಿ ಎಲೆಕ್ಟ್ರಾನಿನ ಸ್ಪಿನ್ನಿನ ದಿಕ್ಕು ಅದರ ಚಲನೆಯ ದಿಕ್ಕಿಗೆ ಬಿಗಿದುಕೊಂಡಿರುತ್ತದೆ. ಹಿಂದಿರುಗಬೇಕಾದರೆ ಸ್ಪಿನ್ನೂ ತಿರುಗಬೇಕು. ಸಾಮಾನ್ಯ ಕಲ್ಮಷಗಳಿಗೆ ಅದನ್ನು ತಿರುಗಿಸುವ ಶಕ್ತಿಯಿಲ್ಲ. ಮೇಲ್ಮೈಗೆ ಲಂಬವಾದ ಕಾಂತತ್ವವು ಈ ರಕ್ಷಣೆಯನ್ನು ಮುರಿಯುವುದು. ಆಗ ಮೇಲ್ಮೈಯ ವಾಹಕತೆ ನಿಂತು, ಅಂಚಿನಲ್ಲಿ ಮಾತ್ರ, ಒಂದೇ ದಿಕ್ಕಿನಲ್ಲಿ, ನಷ್ಟವಿಲ್ಲದೆ ಪ್ರವಾಹವು ಸಾಗಬಲ್ಲುದು. 2013ರಲ್ಲಿ ಚೀನದ ಕ್ಸುವೆ ಚಿಕುನ್ ಅವರ ತಂಡವು ಪದರದೊಳಗೆ ಕ್ರೋಮಿಯಂ ಬೆರೆಸಿ ಇದನ್ನು ತೋರಿಸಿತು. ಬಾಹ್ಯ ಕಾಂತಕ್ಷೇತ್ರವಿಲ್ಲದೆಯೇ ಹಾಲ್ ರೋಧವು ಸುಮಾರು 25,813 ಓಮ್‌ಗಳಾಯಿತು. ಆದರೆ ಇದಕ್ಕೆ 0.03 ಕೆಲ್ವಿನ್‌ನಷ್ಟು ಶೈತ್ಯವು ಬೇಕಾಯಿತು.

ಬೆರೆಸಿದ ಪರಮಾಣುಗಳು ಹರಳಿನಲ್ಲಿ ಅವ್ಯವಸ್ಥೆಯನ್ನುಂಟುಮಾಡುವುವು. ಹೀಗಿರಲು, ಬೆರೆಸುವುದನ್ನು ಬಿಟ್ಟು, ಕಾಂತೀಯ ಅವಾಹಕವೊಂದನ್ನು ಮೇಲೆ ಹೊದಿಸಿ, ಅದರ ಸಾಮೀಪ್ಯದಿಂದಲೇ ಕಾಂತತ್ವವನ್ನು ಪಡೆಯಲಾಗದೆ? ಯುರೋಪಿಯಂ ಸಲ್ಫೈಡ್ ಸುಮಾರು 17 ಕೆಲ್ವಿನ್‌ನಲ್ಲಿ ತನ್ನ ಕಾಂತತ್ವವನ್ನು ಕಳೆದುಕೊಳ್ಳತಕ್ಕ ವಸ್ತು. ಅದನ್ನು ಬಿಸ್ಮತ್ ಸೆಲೆನೈಡಿನ ಮೇಲೆ ಬೆಳೆಸಿದಾಗ ಗಡಿಯ ಕಾಂತತ್ವವು ಕೋಣೆಯ ಉಷ್ಣತೆಯವರೆಗೂ ಉಳಿಯುವುದೆಂದು 2016ರಲ್ಲಿ ನ್ಯೂಟ್ರಾನ್ ಪ್ರತಿಫಲನದ ಆಧಾರದಿಂದ ಪ್ರಕಟವಾಯಿತು. ಇದು ನಿಜವಾದರೆ, ಅತಿಶೈತ್ಯದ ಸಲಕರಣೆಗಳಿಲ್ಲದೆ ಈ ಪರಿಣಾಮವನ್ನು ಬಳಸುವ ದಾರಿ ತೆರೆಯುವುದು.

ಎರಡನೆಯ ಸಾಕ್ಷಿ ಮ್ಯೂವಾನ್‌ಗಳದು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಸ್ಮತ್ ಸೆಲೆನೈಡಿನ ಸ್ಥಾನದಲ್ಲಿ ಸಾಧಾರಣ ಲೋಹವಾದ ಟೈಟಾನಿಯಂ ಇಟ್ಟಾಗಲೂ, ಯುರೋಪಿಯಂ ಸಲ್ಫೈಡ್ ಕಾಂತವಾಗಿರುವ ಶೈತ್ಯದಲ್ಲಿ, ಗಡಿಯ ಬಳಿ ಹೆಚ್ಚುಕಡಮೆ ಅಷ್ಟೇ ಕಾಂತಕ್ಷೇತ್ರವು ಕಂಡುಬಂದಿತು. ಮೂರನೆಯದು ಕ್ಷ-ಕಿರಣಗಳ ಸಾಕ್ಷಿ, 2020ರದು. ಕಾಂತತ್ವವು ಎಷ್ಟು ಆಳದಲ್ಲಿದೆಯೆಂಬುದನ್ನು ನ್ಯೂಟ್ರಾನ್ ಹೇಳುವುದು; ಯಾವ ಧಾತುವಿನದೆಂಬುದನ್ನು ಹೇಳಲಾರದು. ಕ್ಷ-ಕಿರಣವು ಧಾತುವನ್ನೇ ಹೆಸರಿಸಬಲ್ಲುದು. ಬಿಸ್ಮತ್, ಸೆಲೆನಿಯಂ ಮೊದಲಾದ ಪರಮಾಣುಗಳಲ್ಲಿ ಪ್ರೇರಿತ ಕಾಂತತ್ವವು ಅದಕ್ಕೆ ಕಾಣಲಿಲ್ಲ. ಇದ್ದರೂ ಒಂದು ಪರಮಾಣುವಿಗೆ ಬೋರ್ ಮ್ಯಾಗ್ನೆಟಾನಿನ ಸುಮಾರು ಸಾವಿರದಲ್ಲೊಂದು ಪಾಲಿಗಿಂತ ಕಡಮೆ.

ಇದರಿಂದ ಸಾಮೀಪ್ಯ ಪರಿಣಾಮವೇ ಮಿಥ್ಯೆಯೆಂದು ಹೇಳಲಾಗದು. ಕ್ರೋಮಿಯಂ ಕೂಡಿದ ಸತು ಟೆಲುರೈಡಿನ ಪದರಗಳ ನಡುವೆ ಟೊಪೊಲಾಜಿಕಲ್ ಅವಾಹಕವನ್ನಿಟ್ಟು, ಜಪಾನಿನ ಸಂಶೋಧಕರು 2019ರಲ್ಲಿ ಹಾಲ್ ರೋಧದ ಅದೇ ಬೆಲೆಯನ್ನು ಅತಿಶೈತ್ಯದಲ್ಲಿ ಪಡೆದಿದ್ದಾರೆ. ಸಂಶಯವಿರುವುದು ಯುರೋಪಿಯಂ ಸಲ್ಫೈಡ್ ಜೋಡಿಯ ವಿಷಯದಲ್ಲಿ. ಒಂದೇ ಶಾಸನವನ್ನು ನಂಬಿ ರಾಜ್ಯದ ಎಲ್ಲೆಯನ್ನು ಗುರುತಿಸುವುದು ಹೇಗೆ ಸಲ್ಲದೋ, ಒಂದೇ ಉಪಕರಣದ ನುಡಿಯಿಂದ ಕಾಂತತ್ವದ ಎಲ್ಲೆಯನ್ನು ಗುರುತಿಸುವುದೂ ಹಾಗೆಯೇ ಸಲ್ಲದು.