ಶಂಕರಣ್ಣನ ಮನೆಮಾತು ಯಾವುದು?

ಕಡೂರು ಬಸ್ ಸ್ಟ್ಯಾಂಡಿನಿಂದ ಹೊರಗೆ ಬನ್ನಿ. ಆಟೋ ಹಿಂದೆ ಗಡ್ಡದ ಶಂಕರ್‌ನಾಗ್ ನಗ್ತಿರ್ತಾರೆ! 'ಆಟೋರಾಜ' ಬಂದದ್ದು 1980ರಲ್ಲಿ. ಶಂಕರಣ್ಣ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿ ಹೋದದ್ದು 1990ರ ಸೆಪ್ಟೆಂಬರ್ 30ರಂದು. ಆದರೆ ಆಟೋದವರ ಪಾಲಿಗೆ ಅವರು ಹೋಗೇ ಇಲ್ಲ ಬಿಡಿ.

"ಶಂಕರಣ್ಣ ಮನೇಲಿ ಯಾವ ಭಾಷೆ ಮಾತಾಡ್ತಿದ್ರು ಗುರೂ?" ಅಂತ ಡ್ರೈವರ್ ಗೆಳೆಯನನ್ನ ಕೇಳಿದೆ.

"ಇದೂ ಒಂದು ಪ್ರಶ್ನೇನಾ? ಕನ್ನಡ ಕಣೋ!"

ಅಲ್ಲ ಮಿತ್ರರೇ, ಕೊಂಕಣಿ! ಹೊನ್ನಾವರ ಕಡೆಯ ಹುಡುಗ ಮುಂಬಯಿಗೆ ಹೋಗಿ ಮರಾಠಿ ನಾಟಕ ಆಡಿ, 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ನಮ್ಮವನಾದ. ಆ ಚಿತ್ರ ನಿರ್ದೇಶಿಸಿದ ಗಿರೀಶ್ ಕಾರ್ನಾಡರ ಮನೆಮಾತೂ ಕೊಂಕಣಿಯೇ. ಇನ್ನು ರಜನಿ? ಮರಾಠಿ ಮನೆತನದ ಶಿವಾಜಿರಾವ್, ಬೆಂಗಳೂರಿನ ಬಸ್ ಕಂಡಕ್ಟರ್, ತಮಿಳರ ಸೂಪರ್ ಸ್ಟಾರ್! ಇವರಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರೆ ನಮ್ಮ ಥರಾನೇ ಅನ್ನು" ಅಂದ.

ಹೌದು, ಅವನೂ ನಾನೂ ತಾಂಡಾದವರು. ತರೀಕೆರೆ, ಅಜ್ಜಂಪುರ, ಕಡೂರು ಸುತ್ತ ನಮ್ಮ ಲಂಬಾಣಿ ತಾಂಡಾಗಳಿವೆ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ರಾಜಸ್ಥಾನದ ಕಡೆಯಿಂದ ದಕ್ಷಿಣಕ್ಕೆ ಇಳಿದ ಜನ ನಾವು. ನಮ್ಮನ್ನ ನಾವು ಗೋರ್ ಅಂತೀವಿ. ನಮ್ಮ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇಲ್ಲೇ ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿದೆ.

ಸರ್ಕಾರದ ಕಾಗದದಲ್ಲಿ ನಾವು ಯಾರು ಅನ್ನೋದಂತೂ ಒಂದು ತಮಾಷೆ. ಕರ್ನಾಟಕದಲ್ಲಿ ನಾವು ಪರಿಶಿಷ್ಟ ಜಾತಿ. ಗಡಿ ದಾಟಿ ಆಂಧ್ರಕ್ಕೋ ತೆಲಂಗಾಣಕ್ಕೋ ಹೋದರೆ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅದೇ ಜನ, ಅದೇ ಹಾಡು, ಅದೇ ಕನ್ನಡಿ ಹೊಲಿದ ಲಂಗ! 2011ರ ಜನಗಣತಿಯಲ್ಲಿ ಲಂಬಾಣಿ ಮಾತಾಡೋರು 32 ಲಕ್ಷಕ್ಕೂ ಹೆಚ್ಚು. ಅವರನ್ನೆಲ್ಲ ಸೇರಿಸಿದ್ದು ಹಿಂದಿಯ ಲೆಕ್ಕಕ್ಕೆ. ನಮ್ಮಜ್ಜಿಗೆ ಹಿಂದಿಯಲ್ಲಿ ಒಂದು ಲೋಟ ನೀರು ಕೇಳೋಕೂ ಬರ್ತಿರಲಿಲ್ಲ!

ಗೆಳೆಯನ ಫೋನು ಬಾರಿಸಿತು. ಹಿಂದಿನ ಸೀಟಿಗೆ ಗಿರಾಕಿ ಬಂದು ಕೂತಾಗಿತ್ತು. "ಯಾಡಿ..." ಅಂದವನೇ ಗಕ್ಕನೆ ದನಿ ಇಳಿಸಿ, "ಆಮೇಲೆ ಮಾಡ್ತೀನಮ್ಮ" ಅಂತ ಕನ್ನಡಕ್ಕೆ ಹೊರಳಿದ. ಯಾಡಿ ಅಂದ್ರೆ ಅವ್ವ.

ನಗೋಕೆ ನನಗೇನು ಹಕ್ಕಿದೆ? ಪಿಯುಸಿ ಓದುವಾಗ ಒಂದಿನ ನಮ್ಮವ್ವ ಬುತ್ತಿ ಹಿಡ್ಕೊಂಡು ಕಾಲೇಜು ಗೇಟಿನವರೆಗೆ ಬಂದಿದ್ಳು. ಅದೇ ಲಂಗ, ಅದೇ ಬಳೆ. "ಯಾರೋ ಅದು?" ಅಂತ ಜೊತೆಗಿದ್ದೋರು ಕೇಳಿದ್ರು. "ನಮ್ಮ ಹೊಲದ ಆಳು" ಅಂದೆ. ಪಿಯುಸಿ ಬಿಟ್ಟದ್ದಕ್ಕೆ ಅದೇನೂ ಕಾರಣ ಅಲ್ಲ, ಇಂಗ್ಲಿಷ್ ಪೇಪರು ಕಾರಣ. ಆದರೆ ಕಾಲೇಜು ಅಂದ್ರೆ ನೆನಪಾಗೋದು ಆ ಗೇಟೇ.

ಬುತ್ತಿಯನ್ನ ಗೇಟಿನ ಕಟ್ಟೆ ಮೇಲಿಟ್ಟು ಅವ್ವ ಹಂಗೇ ತಿರುಗಿ ಹೋದ್ಳು. ಆ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ, ಇವತ್ತಿಗೂ ಕೇಳಿಲ್ಲ.