ಶೋಲಾ ಕಾಡಿನ ನೀಲಿಹಕ್ಕಿ: ನಾಮಕರಣದ ಇತಿಹಾಸ

ಪಶ್ಚಿಮ ಘಟ್ಟಗಳ ಎತ್ತರದ ಬೆಟ್ಟಗಳಲ್ಲಿ, ಹುಲ್ಲುಗಾವಲುಗಳ ನಡುವಣ ಕಣಿವೆಗಳನ್ನು ತುಂಬಿಕೊಂಡು ಬೆಳೆಯುವ ನಿತ್ಯಹಸುರಿನ ಕಾಡಿಗೆ ಶೋಲಾ ಎಂದು ಹೆಸರು. ಅದರ ಪೊದೆಗಳ ಮಬ್ಬಿನಲ್ಲಿ, ತರಗೆಲೆಗಳ ಮೇಲೆ ಕುಪ್ಪಳಿಸುತ್ತ ಹುಳುಹುಪ್ಪಟೆಗಳನ್ನು ಹೆಕ್ಕಿ ತಿನ್ನುವ ಸಣ್ಣದೊಂದು ನೀಲಿಹಕ್ಕಿಯುಂಟು. ಇದರ ಹೆಸರು ಪದೇ ಪದೇ ಬದಲಾಗಿರುವುದು ಇತಿಹಾಸದ ವಿದ್ಯಾರ್ಥಿಗಳಿಗೂ ವಿಚಾರಾರ್ಹವಾದ ಸಂಗತಿ.

ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿದ್ದ ಟಿ. ಸಿ. ಜೆರ್ಡನ್ 1840ರ ದಶಕದಲ್ಲಿ ನೀಲಗಿರಿಯ ಹಕ್ಕಿಯನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದನು. ಅದರ ಪಕ್ಕೆಗಳು ಕೆಂಗಂದು, ಹೊಟ್ಟೆ ಬಿಳುಪು. 1860ರ ದಶಕದಲ್ಲಿ ಭೂವಿಜ್ಞಾನಿ ಡಬ್ಲ್ಯು. ಟಿ. ಬ್ಲಾನ್‌ಫರ್ಡನು ಪಳನಿ ಬೆಟ್ಟಗಳ ಹಕ್ಕಿಯನ್ನು ಬೇರೆಯೆಂದೇ ಹೆಸರಿಸಿದನು. ಅದರ ಪಕ್ಕೆಗಳಲ್ಲಿ ಆ ಕೆಂಗಂದು ಬಣ್ಣವಿಲ್ಲ. ಆದರೆ 20ನೆಯ ಶತಮಾನದ ಪಕ್ಷಿಶಾಸ್ತ್ರಜ್ಞರು ಎರಡನ್ನೂ ಒಂದೇ ಪ್ರಭೇದದ ಶಾಖೆಗಳೆಂದು ಕೂಡಿಸಿ, ಹಿಮಾಲಯದ ಕಡೆಯ ಗಿಡ್ಡರೆಕ್ಕೆಯ ಹಕ್ಕಿಗಳ ಕುಲಕ್ಕೆ ಸೇರಿಸಿದರು. ಹೊರರೂಪದ ಹೋಲಿಕೆಯೇ ಇದಕ್ಕೆ ಮುಖ್ಯ ಆಧಾರವಾಗಿತ್ತು.

ಶಾಸನವು ಐತಿಹ್ಯವನ್ನು ತಿದ್ದುವಂತೆ, ಹಕ್ಕಿಯ ವಂಶವಾಹಿಗಳ ಪರೀಕ್ಷೆಯು ಈ ಅಭಿಪ್ರಾಯವನ್ನು ತಿದ್ದಿತು. ವಿ. ವಿ. ರಾಬಿನ್ ಮತ್ತು ಸಂಗಡಿಗರು 2010ರಲ್ಲಿಯೂ 2017ರಲ್ಲಿಯೂ ಪ್ರಕಟಿಸಿದ ಸಂಶೋಧನೆಗಳು, ಪಾಲ್ಘಾಟ್ ಕಂಡಿಯ ಉತ್ತರದ ಹಕ್ಕಿಗಳೂ ದಕ್ಷಿಣದ ಹಕ್ಕಿಗಳೂ ಬಹು ಪ್ರಾಚೀನ ಕಾಲದಲ್ಲಿಯೇ ಅಗಲಿದ ಕವಲುಗಳೆಂಬುದನ್ನು ತೋರಿಸಿದವು. ಎತ್ತರದ ಕಾಡನ್ನು ಬಿಟ್ಟು ಬಾಳಲಾರದ ಈ ಹಕ್ಕಿಗೆ, ತಗ್ಗಾದ ಆ ಬಯಲು ಸಮುದ್ರಕ್ಕೆ ಸಮಾನವಾದ ಅಡ್ಡಿ. ಇವು ಹಿಮಾಲಯದ ಆ ಕುಲಕ್ಕೆ ಸೇರಿದವೂ ಅಲ್ಲ. ನೊಣಹಿಡುಕ ಹಕ್ಕಿಗಳಿಗೆ ಹತ್ತಿರದವು. ಆದ್ದರಿಂದ 2017ರಲ್ಲಿ ಇವುಗಳಿಗೆ ‘ಶೋಲಿಕೋಲ’, ಅಂದರೆ ಶೋಲಾವಾಸಿ, ಎಂಬ ಹೊಸ ಕುಲನಾಮವನ್ನು ಕೊಡಲಾಯಿತು. ಬ್ಲಾನ್‌ಫರ್ಡನ ವಿಂಗಡಣೆ ಹೀಗೆ ಮತ್ತೆ ಊರ್ಜಿತವಾಯಿತು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಎರಡೂ ಒಂದೇ ಎಂದೆಣಿಸಿದರೆ, ಉತ್ತರದ ಬೆಟ್ಟಗಳಲ್ಲಿ ಹಕ್ಕಿ ಅಳಿದರೂ ದಕ್ಷಿಣದಲ್ಲಿ ಉಳಿದಿದೆಯೆಂಬ ಸಮಾಧಾನಕ್ಕೆ ಎಡೆಯುಂಟು. ಬೇರೆ ಬೇರೆಯೆಂದು ತಿಳಿದ ಬಳಿಕ ಆ ಸಮಾಧಾನ ಸಲ್ಲದು. ಚಹಾ, ನೀಲಗಿರಿ ಮತ್ತು ವಾಟಲ್ ಮರಗಳ ತೋಟಗಳಿಂದ ನೀಲಗಿರಿ ಸೀಮೆಯ ಶೋಲಾಗಳು ಬಹಳವಾಗಿ ಕುಗ್ಗಿವೆ. ಉತ್ತರದ ಪ್ರಭೇದವು ನಮ್ಮ ಬ್ರಹ್ಮಗಿರಿ, ಬಾಬಾಬುಡನ್‌ಗಿರಿಗಳಲ್ಲಿಯೂ ನೆಲಸಿದೆ. ಅಲ್ಲಿ ಉಳಿದಿರುವ ಒಂದೊಂದು ಶೋಲಾವನ್ನು ಕಾಪಾಡುವಾಗಲೂ, ದಕ್ಷಿಣದ ಹಕ್ಕಿಯಿಂದ ತುಂಬಿಕೊಳ್ಳಲಾಗದ ವಂಶವೊಂದು ಅಲ್ಲಿದೆಯೆಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.