ಬಾಯಿಲ್ಲದ ಹುಳು, ಮೂಳೆಯೇ ಊಟ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ 'ಡೇಟಾ ಲೇಬಲಿಂಗ್' ಅಂತೀನಿ. ದಿನಕ್ಕೆ ನೂರಾರು ಫೋಟೋ ನೋಡಿ ಇದು ಈ ಗುಂಪಿಗೆ, ಅದು ಆ ಗುಂಪಿಗೆ ಅಂತ ಹಾಕೋದು. ಎಲ್ಲೂ ಸೇರದ್ದು ಬಂದರೆ 'ಇತರೆ'. ಅದಕ್ಕೇ ಇರಬೇಕು, ಒಂದು ಹುಳುವನ್ನು 'ಇತರೆ'ಗೆ ತಳ್ಳದೆ ಅದರ ಬೆನ್ನು ಹತ್ತಿದವರ ಕಥೆ ಸಿಕ್ಕಾಗ ರಾತ್ರಿ ಒಂದು ಗಂಟೆಯಾದರೂ ಫೋನ್ ಕೆಳಗಿಡೋಕೆ ಮನಸ್ಸಾಗಲಿಲ್ಲ.

2002ರ ಫೆಬ್ರುವರಿ. ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ. ಅಲ್ಲಿನ ಸಾಗರ ಸಂಶೋಧನಾ ಸಂಸ್ಥೆಯ 'ಟಿಬುರಾನ್' ಎಂಬ ರೋಬಾಟ್ 2,891 ಮೀಟರ್ ಆಳದ ಕತ್ತಲಲ್ಲಿ ಓಡಾಡುತ್ತಿತ್ತು. ದೀಪದ ಬೆಳಕಿಗೆ ಸಿಕ್ಕಿದ್ದು ಒಂದು ಬೂದು ತಿಮಿಂಗಿಲದ ಅಸ್ಥಿಪಂಜರ. ಮೂಳೆಗಳ ತುಂಬ ಕೆಂಪು ಗರಿಯಂಥ ಏನೋ ಹುಲ್ಲಿನ ಹಾಗೆ ಬೆಳೆದಿತ್ತು.

ಅವು ಹುಳುಗಳು. 2004ರಲ್ಲಿ ಗ್ರೆಗ್ ರೌಸ್, ಶಾನಾ ಗೊಫ್ರೆಡಿ, ರಾಬರ್ಟ್ ವ್ರಿಯೆನ್‌ಹುಕ್ ಎಂಬ ಮೂವರು 'ಸೈನ್ಸ್' ಪತ್ರಿಕೆಯಲ್ಲಿ ಇವಕ್ಕೊಂದು ಹೊಸ ಕುಲವನ್ನೇ ಕಟ್ಟಿದರು. ಹೆಸರು ಒಸೆಡಾಕ್ಸ್. ಲ್ಯಾಟಿನ್‌ನಲ್ಲಿ ಮೂಳೆಬಾಕ ಅಂತ ಅರ್ಥ.

ತಮಾಷೆ ಅಂದರೆ ಈ ಮೂಳೆಬಾಕನಿಗೆ ಬಾಯಿಲ್ಲ. ಹೊಟ್ಟೆ, ಕರುಳು ಕೂಡ ಇಲ್ಲ. ಗಿಡದ ಹಾಗೆ ಮೂಳೆಯೊಳಗೆ ಬೇರು ಬಿಡುತ್ತೆ. ಬೇರಿನ ಚರ್ಮ ಆಮ್ಲ ಸುರಿಸಿ ಮೂಳೆಯನ್ನು ಕರಗಿಸುತ್ತೆ. ಬೇರಿನೊಳಗೆ ಬ್ಯಾಕ್ಟೀರಿಯಾಗಳು ಬಿಡಾರ ಹೂಡಿರುತ್ತವೆ. ಹುಳುವಿನ ಹೊಟ್ಟೆಪಾಡಿನಲ್ಲಿ ಅವುಗಳ ಪಾಲೂ ಇದೆ.

ಸರಿ, ಇದನ್ನು ಯಾವ ಮನೆತನಕ್ಕೆ ಸೇರಿಸೋದು? ಸಮುದ್ರದ ಬಿರುಗೂದಲ ಹುಳುಗಳು ನಮ್ಮ ಎರೆಹುಳು, ಜಿಗಣೆಗಳ ಬಂಧುಗಳು. ಗುರುತು ಎರಡು: ಮೈ ಉಂಗುರ ಉಂಗುರವಾಗಿರಬೇಕು, ಪಕ್ಕದಲ್ಲಿ ಬಿರುಸು ಕೂದಲಿರಬೇಕು. ಮೂಳೆಯ ಮೇಲೆ ಸಿಕ್ಕ ಹುಳುಗಳಲ್ಲಿ ಎರಡೂ ಇರಲಿಲ್ಲ.

ಇಲ್ಲಿ ನೂರು ವರ್ಷ ಹಿಂದಕ್ಕೆ ಹೋಗಬೇಕು. 1899-1900ರಲ್ಲಿ 'ಸಿಬೋಗ' ಎಂಬ ಡಚ್ ಹಡಗು ಇಂದಿನ ಇಂಡೋನೇಷ್ಯಾದ ಸಮುದ್ರವನ್ನು ಜಾಲಾಡಿತು. ಮೇಲೆ ಬಂದ ರಾಶಿಯಲ್ಲಿ ದಾರದೆಳೆಯಂಥ ಹುಳುಗಳಿದ್ದವು. ಫ್ರಾನ್ಸಿನ ಕೊಲೆರಿ 1914ರಲ್ಲಿ ಅವಕ್ಕೆ ಹಡಗಿನ ಹೆಸರಿಂದಲೇ 'ಸಿಬೊಗ್ಲಿನಮ್' ಅಂತ ಹೆಸರಿಟ್ಟರು. ಅವಕ್ಕೂ ಕರುಳಿಲ್ಲ. ಎಲ್ಲಿಗೆ ಸೇರಿಸಬೇಕೋ ತೋಚಲಿಲ್ಲ. ಮುಂದೆ ಬಂದವರು ಇಂಥ ಹುಳುಗಳಿಗೆಲ್ಲ 'ಪೊಗೊನೊಫೊರ', ಅಂದರೆ ಗಡ್ಡಧಾರಿಗಳು, ಅಂತ ಪ್ರತ್ಯೇಕ ವಂಶವನ್ನೇ ಕೊಟ್ಟರು. ಬೆನ್ನೆಲುಬಿರುವ ನಮ್ಮಂಥವರ ಕಡೆಯ ನೆಂಟರು ಅಂತಲೂ ಕೆಲವರು ವಾದಿಸಿದರು!

ಅಷ್ಟು ಗೊಂದಲ ಯಾಕೆ ಗೊತ್ತಾ? ಯಾರೂ ಇಡೀ ಹುಳುವನ್ನು ನೋಡಿಯೇ ಇರಲಿಲ್ಲ. ಬಲೆ ಮೇಲೆಳೆಯುವಾಗ ಬಾಲ ಹರಿದು ಕೆಸರಲ್ಲೇ ಉಳಿದುಬಿಡುತ್ತಿತ್ತು. 1964ರಲ್ಲಿ ಬಾಲದ ವಿವರ ಪ್ರಕಟವಾಯಿತು. ನೋಡಿದರೆ ಉಂಗುರಗಳಿವೆ, ಬಿರುಗೂದಲೂ ಇದೆ. ಕೆಸರಿಗೆ ಲಂಗರು ಹಾಕಿಕೊಳ್ಳೋಕೆ ಹುಳು ಬಳಸುವುದೇ ಅದನ್ನು. ಆಮೇಲೂ ವಾದ ಎಳೆದಾಡಿತು ಅನ್ನಿ. 1990ರ ದಶಕದ ಕೊನೆಗೆ ಡಿಎನ್‌ಎ ಕೂಡ ಅದೇ ಮಾತು ಹೇಳಿತು. ಅಲ್ಲಿಗೆ ಒಂದು ಸ್ವತಂತ್ರ ರಾಜ್ಯ ಹೋಬಳಿಯಾಯಿತು: ಇಡೀ ವಂಶ ಬಿರುಗೂದಲ ಹುಳುಗಳೊಳಗೆ 'ಸಿಬೊಗ್ಲಿನಿಡೆ' ಎಂಬ ಒಂದು ಕುಟುಂಬವಾಗಿ ಇಳಿಯಿತು.

ಒಸೆಡಾಕ್ಸ್‌ನ ಡಿಎನ್‌ಎ ತೋರಿಸಿದ್ದೂ ಇದೇ ಮನೆಯನ್ನು. ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ ಜಾಗವಂತೂ ನನಗೆ ಬಹಳ ಹಿಡಿಸಿತು. ಮೂಳೆಯ ಮೇಲಿದ್ದ ದೊಡ್ಡ ಹುಳುಗಳೆಲ್ಲ ಹೆಣ್ಣು. ಗಂಡುಗಳೆಲ್ಲಿ ಅಂತ ಹುಡುಕಿದರೆ, ಹೆಣ್ಣಿನ ಸುತ್ತಲಿನ ಲೋಳೆ ಕೊಳವೆಯೊಳಗೆ ಮಿಲಿಮೀಟರ್ ಆಸುಪಾಸಿನ ಚುಕ್ಕೆಗಳು, ಒಬ್ಬಳ ಬಳಿ ಹತ್ತಾರು, ಕೆಲವೊಮ್ಮೆ ನೂರರ ಮೇಲೆ. ಮರಿಯ ರೂಪದಲ್ಲೇ ಬೆಳವಣಿಗೆ ನಿಂತ ಗಂಡುಗಳು ಅವು. ಅವುಗಳ ಹಿಂಬದಿಯಲ್ಲಿ ಕೊಕ್ಕೆಯಂಥ ಬಿರುಗೂದಲು! ಹೆಣ್ಣು ಬಿಟ್ಟುಕೊಟ್ಟ ಮನೆತನದ ಗುರುತನ್ನು ಈ ಕುಳ್ಳ ಗಂಡಂದಿರು ಜೋಪಾನವಾಗಿ ಇಟ್ಟುಕೊಂಡಿದ್ದರು.

ಹಾಗಾದರೆ ಕುಳ್ಳ ಗಂಡು ಇದ್ದರೆ ಮಾತ್ರ ಒಸೆಡಾಕ್ಸ್ ಅನ್ನೋಣವೇ? ಆಗಲ್ಲ. 2014ರ ಕೊನೆಗೆ ಪ್ರಕಟವಾದ ಒಂದು ಪ್ರಭೇದದಲ್ಲಿ ಗಂಡುಗಳೂ ದೊಡ್ಡದಾಗಿ ಬೆಳೆದು, ತಾವೇ ಮೂಳೆಗೆ ಬೇರು ಬಿಟ್ಟು ಬದುಕುತ್ತವೆ. ಬರೀ ರೂಪ ನೋಡಿದ್ದರೆ ಅದನ್ನು ಬೇರೆ ಕುಲಕ್ಕೆ ಹಾಕುತ್ತಿದ್ದರು ಅಂತ ನನ್ನ ಅನಿಸಿಕೆ. ಜೀನ್‌ಗಳ ಪ್ರಕಾರ ಅದು ಇದೇ ಕುಲದ ನಡುಮನೆಯದ್ದು. ಅಂದರೆ ಅದರ ಪೂರ್ವಜರಲ್ಲಿ ಗಂಡುಗಳು ಕುಳ್ಳಾಗಿದ್ದು, ಆಮೇಲೆ ಮತ್ತೆ ಬೆಳೆದಿವೆ.

ಮಾಂಟೆರೆಯವರು ದಡಕ್ಕೆ ಬಂದು ಬಿದ್ದ ತಿಮಿಂಗಿಲದ ಹೆಣಗಳನ್ನು ಎಳೆದೊಯ್ದು, ಬೇರೆ ಬೇರೆ ಆಳದಲ್ಲಿ ಬೇಕಂತಲೇ ಮುಳುಗಿಸಿದರು. ಮತ್ತೆ ಮತ್ತೆ ಹೋಗಿ ನೋಡಿದಾಗೆಲ್ಲ ಹೊಸ ಬಗೆ. ಎಷ್ಟೋ ವರ್ಷ ಅವು ಹಳದಿ ಕಾಲರ್, ಕಿತ್ತಳೆ ಕಾಲರ್, ಸುರುಳಿ ಅನ್ನೋ ಅಡ್ಡಹೆಸರಲ್ಲೇ ಇದ್ದವು. 2018ರಲ್ಲಿ ಒಂದೇ ಏಟಿಗೆ 14 ಪ್ರಭೇದಗಳಿಗೆ ಅಧಿಕೃತ ಹೆಸರು ಬಂತು. ಒಂದು 'ಒಸೆಡಾಕ್ಸ್ ಜಬ್ಬಾ'. ಹೌದು, 'ಸ್ಟಾರ್ ವಾರ್ಸ್'ನ ಅದೇ ದಢೂತಿ ಜಬ್ಬಾ. ಒಂದು ಸಾಲಿನ ತಮಾಷೆಯ ಹೆಸರಿನ ಹಿಂದೆ ಹದಿನಾರು ವರ್ಷದ ಡೈವ್‌ಗಳಿವೆ.

ಅಡ್ಡಹೆಸರಿದ್ದರೆ ಏನು ನಷ್ಟ ಅಂತೀರಾ? ಅಳಿವಿನಂಚಿನ ಪಟ್ಟಿಗೆ ಸೇರಿಸೋಕೆ, ಒಂದು ದೇಶದ ಹುಳುವನ್ನು ಇನ್ನೊಂದು ದೇಶದ್ದರ ಜೊತೆ ಹೋಲಿಸೋಕೆ ಪಕ್ಕಾ ಹೆಸರು ಬೇಕು. ಈ ಹುಳುಗಳು ಸುಮಾರು 10 ಕೋಟಿ ವರ್ಷ ಹಿಂದಿನ ಸಮುದ್ರ ಸರೀಸೃಪದ ಮೂಳೆಯಲ್ಲೂ ರಂಧ್ರದ ಗುರುತು ಬಿಟ್ಟಿವೆ. ತಿಮಿಂಗಿಲ ಹುಟ್ಟುವ ಮೊದಲೂ ಹೇಗೋ ಬದುಕಿದ್ದವು. ಆದರೆ 20ನೇ ಶತಮಾನ ಒಂದರಲ್ಲೇ ಮನುಷ್ಯರು ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಂದರು. ತಳಕ್ಕೆ ಇಳಿಯಬೇಕಿದ್ದ ಎಷ್ಟೋ ಮೂಳೆ ಎಣ್ಣೆಯಾಯಿತು, ಗೊಬ್ಬರವಾಯಿತು. ಆಗ ಎಷ್ಟು ಬಗೆಯ ಮೂಳೆಬಾಕಗಳು ಹಸಿದು ಹೋದವೋ, ಲೆಕ್ಕ ಹಾಕೋಕೆ ಯಾರ ಬಳಿಯೂ ಪಟ್ಟಿ ಇರಲಿಲ್ಲ. ಕುಲಕ್ಕೆ ಹೆಸರು ಬಂದಿದ್ದೇ 2004ರಲ್ಲಿ.